ನಾವಿಕನ ತಂತಿ, ನಾವಿಕನ ಫೋನು

1971ರ ನವೆಂಬರ್. ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಕರಾಚಿಯಿಂದ ಹೊರಟು ಬಂಗಾಳ ಕೊಲ್ಲಿಯ ದಾರಿ ಹಿಡಿದಿತ್ತು. ಅದು ಹುಡುಕುತ್ತಿದ್ದದ್ದು ಭಾರತದ ವಿಮಾನವಾಹಕ ನೌಕೆ ವಿಕ್ರಾಂತ್ ಅನ್ನು. ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಆ ನೌಕೆಯನ್ನು ಗುಟ್ಟಾಗಿ ಅಂಡಮಾನಿನ ಕಡೆಗೆ ಕಳಿಸಿ, ಅದು ವಿಶಾಖಪಟ್ಟಣದ ಸಮೀಪವೇ ಇದೆಯೆಂದು ಶತ್ರುವನ್ನು ನಂಬಿಸಲು ಬಲೆ ಹೆಣೆದರು. ಹಳೆಯ ನೌಕೆ ರಜಪೂತ್ ವಿಕ್ರಾಂತ್‌ನ ಸೋಗು ಹಾಕಿತು. ವೈರ್‌ಲೆಸ್ ಸಂದೇಶಗಳು ಹೆಚ್ಚಿದವು, ಊರಿನಲ್ಲಿ ಭಾರೀ ಪ್ರಮಾಣದ ದಿನಸಿಗೆ ಬೇಡಿಕೆ ಹೋಯಿತು. ಇವೆಲ್ಲದರ ನಡುವೆ ಸಂಕೇತಗಳಿಲ್ಲದ, ಯಾರು ಬೇಕಾದರೂ ಕೇಳಿಸಿಕೊಳ್ಳಬಹುದಾದ ಒಂದು ಖಾಸಗಿ ತಂತಿಯನ್ನೂ ಬೇಕೆಂದೇ ಕಳಿಸಲಾಯಿತು. ವಿಕ್ರಾಂತ್‌ನ ನಾವಿಕನೊಬ್ಬ ಕಾಯಿಲೆ ಬಿದ್ದ ತಾಯಿಯ ಯೋಗಕ್ಷೇಮ ವಿಚಾರಿಸುತ್ತಿದ್ದಾನೆ ಎಂಬಂತಿತ್ತು ಅದರ ಒಕ್ಕಣೆ. ಡಿಸೆಂಬರ್ 3ರ ರಾತ್ರಿ ಕಳೆದು 4 ಹುಟ್ಟುವ ಹೊತ್ತಿಗೆ ಘಾಜಿ ವಿಶಾಖಪಟ್ಟಣದ ಬಂದರಿನಾಚೆ ಮುಳುಗಿತು.

ಮನೆಯ ಮಾತೊಂದು ಯುದ್ಧನೌಕೆಯ ವಿಳಾಸ ಹೇಳಬಲ್ಲದು ಎಂಬುದು ಕೃಷ್ಣನ್ ಅವರಿಗೆ ಗೊತ್ತಿತ್ತು. ಅದನ್ನೇ ಅವರು ಗಾಳವಾಗಿ ಬಳಸಿದರು.

48 ವರ್ಷಗಳ ಬಳಿಕ ಅದೇ ಕಡಲತೀರದಲ್ಲಿ ಗಾಳ ಎದುರು ದಿಕ್ಕಿನಿಂದ ಬಂತು. 2019ರ ಡಿಸೆಂಬರ್ 20ರಂದು ಆಂಧ್ರಪ್ರದೇಶ ಪೊಲೀಸರು ‘ಆಪರೇಷನ್ ಡಾಲ್ಫಿನ್ಸ್ ನೋಸ್’ ಎಂಬ ಕಾರ್ಯಾಚರಣೆಯ ವಿವರ ಹೊರಗಿಟ್ಟರು. ಡಾಲ್ಫಿನ್ಸ್ ನೋಸ್ ಎಂದರೆ ವಿಶಾಖಪಟ್ಟಣದ ಬಂದರಿಗೆ ಕಾವಲು ನಿಂತಂತಿರುವ ಗುಡ್ಡ. ನೌಕಾಪಡೆಯ ಏಳು ಸಿಬ್ಬಂದಿ ಮತ್ತು ಹವಾಲಾ ವ್ಯವಹಾರದ ಒಬ್ಬ ವ್ಯಕ್ತಿಯ ಬಂಧನವಾಗಿತ್ತು. ವಿಜಯವಾಡದಲ್ಲಿ ದಾಖಲಾಗಿದ್ದ ಪ್ರಕರಣ ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎ ಕೈಗೆ ಹೋಗಿ, 2020ರ ಜೂನ್‌ನಲ್ಲಿ 14 ಮಂದಿಯ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು. ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಲ್ಲಿ ಪರಿಚಯವಾದವರಿಗೆ ಯುದ್ಧನೌಕೆ, ಜಲಾಂತರ್ಗಾಮಿಗಳ ನೆಲೆ ಮತ್ತು ಚಲನವಲನಗಳನ್ನು ಹಣಕ್ಕಾಗಿ ತಿಳಿಸಿದರು ಎಂಬುದು ಆರೋಪ. ಘಾಜಿ ಸಾವಿರಾರು ಕಿಲೋಮೀಟರ್ ಈಜಿ ಬಂದು ಹುಡುಕಿದ್ದ ಮಾಹಿತಿಯೂ ಇದೇ ಬಗೆಯದು.

ಬಂಧನದ ಸುದ್ದಿ ಹೊರಬಿದ್ದ ವಾರದಲ್ಲೇ, 2019ರ ಡಿಸೆಂಬರ್ 27ರಂದು, ನೌಕಾಪಡೆಯು ತನ್ನ ನೆಲೆಗಳು, ಡಾಕ್‌ಯಾರ್ಡ್‌ಗಳು ಮತ್ತು ಯುದ್ಧನೌಕೆಗಳಲ್ಲಿ ಸ್ಮಾರ್ಟ್‌ಫೋನ್ ಬಳಕೆಯನ್ನೇ ನಿಷೇಧಿಸಿತು. ಫೇಸ್‌ಬುಕ್‌ಗೂ ಬಾಗಿಲು ಹಾಕಿತು.

ಇಷ್ಟು ಕಠಿಣ ಕ್ರಮ ಏಕೆ? ಫೋನಿನೊಳಗೆ ಏನೇನಿದೆ ನೋಡಿ. ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಜಾಗವನ್ನು ಕೆಲವೇ ಮೀಟರುಗಳ ಲೆಕ್ಕದಲ್ಲಿ ಗುರುತಿಸುವ ಜಿಪಿಎಸ್, ಎರಡು ಮೂರು ಕ್ಯಾಮೆರಾ, ಮೈಕ್, ಹೆಜ್ಜೆ ಎಣಿಸುವ ಸಂವೇದಕ. ಸೆಟ್ಟಿಂಗ್ ಬಿಟ್ಟುಕೊಟ್ಟರೆ ತೆಗೆದ ಫೋಟೊದೊಳಗೇ ಅಕ್ಷಾಂಶ, ರೇಖಾಂಶ, ಸಮಯ ಎಲ್ಲವೂ ದಾಖಲಾಗುತ್ತವೆ. ಆ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಈ ವಿವರ ಅಳಿಸಿಹೋಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೆಯೇ ಉಳಿಯುತ್ತದೆ. ಚಿತ್ರದ ಹಿನ್ನೆಲೆಯಲ್ಲಿ ಕಾಣುವ ಕ್ರೇನು, ಬೋರ್ಡುಗಳನ್ನಂತೂ ಯಾವ ಆ್ಯಪ್ ಕೂಡ ಅಳಿಸುವುದಿಲ್ಲ.

ಬಳಕೆದಾರನಿಗೆ ಕೆಟ್ಟ ಉದ್ದೇಶ ಇರಲೇಬೇಕೆಂದೂ ಇಲ್ಲ. ವ್ಯಾಯಾಮದ ಲೆಕ್ಕವಿಡುವ ಸ್ಟ್ರಾವಾ ಎಂಬ ಆ್ಯಪ್ ತನ್ನ ಬಳಕೆದಾರರು ಓಡಿದ ಹಾದಿಗಳನ್ನೆಲ್ಲ ಬೆಳಕಿನ ಗೆರೆಗಳಾಗಿ ತೋರಿಸುವ ಭೂಪಟ ಪ್ರಕಟಿಸಿತ್ತು. 2018ರ ಜನವರಿಯಲ್ಲಿ ಅದನ್ನು ಸೂಕ್ಷ್ಮವಾಗಿ ನೋಡಿದ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬನಿಗೆ, ಕತ್ತಲೆಯಂತಿದ್ದ ಸಿರಿಯಾ, ಅಫ್ಘಾನಿಸ್ತಾನಗಳ ಮರುಭೂಮಿಯಲ್ಲಿ ಸೇನಾನೆಲೆಗಳ ಆಕಾರ ಹೊಳೆಯುತ್ತಿರುವುದು ಕಂಡಿತು. ಸೈನಿಕರು ಬೆಳಗಿನ ಓಟ ಓಡಿದ್ದರು, ಅಷ್ಟೇ.

ಕೆಲವೊಮ್ಮೆ ಬಳಕೆದಾರ ಏನನ್ನೂ ಒತ್ತಬೇಕಾಗಿಲ್ಲ. ವೈರಸ್ ಹಿಡಿಯುವುದನ್ನೇ ಕಸುಬಾಗಿಸಿಕೊಂಡ ಕ್ಯಾಸ್ಪರ್‌ಸ್ಕಿ ಕಂಪನಿ 2023ರ ಜೂನ್‌ನಲ್ಲಿ ತನ್ನದೇ ಸಿಬ್ಬಂದಿಯ ಐಫೋನುಗಳಲ್ಲಿ ಬೇಹುಗಾರಿಕೆಯ ತಂತ್ರಾಂಶ ಸಿಕ್ಕಿದ್ದನ್ನು ಬಹಿರಂಗಪಡಿಸಿತು. ಕಣ್ಣಿಗೆ ಕಾಣದ ಒಂದು ಸಂದೇಶದ ಲಗತ್ತು ಬಂದು, ತೆರೆಯದೆಯೇ ಕೆಲಸ ಶುರುಮಾಡಿ, ತನ್ನ ಸುಳಿವನ್ನು ಅಳಿಸಿಕೊಳ್ಳುತ್ತಿತ್ತು. ಫೋನು ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಕಚೇರಿಯ ವೈಫೈಯಲ್ಲಿ ಹರಿಯುತ್ತಿದ್ದ ವಿಚಿತ್ರ ದಟ್ಟಣೆಯೇ ಅದನ್ನು ಹಿಡಿದುಕೊಟ್ಟಿತು.

ಆದರೆ ಕಳ್ಳರಿಗೆ ಇಷ್ಟೊಂದು ಕೌಶಲ ಬೇಕಾಗುವುದು ಅಪರೂಪ. 2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಯ ಜಾಲಕ್ಕೆ ನುಗ್ಗಿದವನು ಗುತ್ತಿಗೆ ಸಿಬ್ಬಂದಿಯೊಬ್ಬರ ಪಾಸ್‌ವರ್ಡ್ ಬಳಸಿ ಮೇಲಿಂದ ಮೇಲೆ ಲಾಗಿನ್‌ಗೆ ಯತ್ನಿಸಿದ. ಪ್ರತಿ ಸಲವೂ ಅವರ ಫೋನಿಗೆ ‘ಒಪ್ಪುತ್ತೀರಾ?’ ಎಂಬ ಕೋರಿಕೆ ಹೋಗುತ್ತಿತ್ತು. ಕೊನೆಗೆ ಬೇಸತ್ತ ಬೆರಳು ಒಮ್ಮೆ ‘ಹೌದು’ ಒತ್ತಿತು. ನಮ್ಮಲ್ಲಿ ಇದೇ ಕೆಲಸವನ್ನು ಮದುವೆ ಕರೆಯೋಲೆಯ ಹೆಸರಿನ, ಸಂಚಾರ ದಂಡದ ಹೆಸರಿನ ಎಪಿಕೆ ಫೈಲುಗಳು ಮಾಡುತ್ತಿವೆ. ಒತ್ತಿದರೆ ಆ್ಯಪ್ ಕೂರುತ್ತದೆ, ‘ಆಕ್ಸೆಸಿಬಿಲಿಟಿ’ ಅನುಮತಿ ಕೇಳುತ್ತದೆ. ದೃಷ್ಟಿದೋಷ ಇರುವವರಿಗೆ ಪರದೆ ಓದಿಹೇಳಲೆಂದು ಮಾಡಿದ ಸೌಲಭ್ಯ ಅದು. ಕಳ್ಳ ಆ್ಯಪ್‌ಗೆ ಸಿಕ್ಕರೆ ಅದೂ ಪರದೆ ಓದುತ್ತದೆ: ಒಟಿಪಿಯನ್ನು, ಬ್ಯಾಂಕಿನ ಬಾಕಿಯನ್ನು, ಕಚೇರಿಯ ಇಮೇಲನ್ನು.

ಸ್ವಂತ ಫೋನಿನಲ್ಲೇ ಕಚೇರಿ ಕೆಲಸ ಮಾಡುವ ಪದ್ಧತಿ ಇಕ್ಕಟ್ಟಿಗೆ ಸಿಲುಕುವುದು ಇಲ್ಲೇ. ರಾತ್ರಿ ಮಗು ಆಟವಾಡುವ ಫೋನೇ ಬೆಳಿಗ್ಗೆ ಕಂಪನಿಯ ಬೀಗದ ಕೈ. ಇದಕ್ಕೊಂದು ಪರಿಹಾರ 2014ರ ಆಂಡ್ರಾಯ್ಡ್ 5ರಿಂದಲೇ ಇದೆ, ಹೆಸರು ‘ವರ್ಕ್ ಪ್ರೊಫೈಲ್’. ಒಂದೇ ಮನೆಗೆ ಗೋಡೆ ಹಾಕಿ ಎರಡು ಪಾಲು ಮಾಡಿದಂತೆ. ಕಚೇರಿಯ ಆ್ಯಪ್‌ಗಳ ಮೇಲೆ ಪುಟ್ಟ ಬ್ರೀಫ್‌ಕೇಸಿನ ಗುರುತು ಕಾಣುತ್ತದೆ. ಆಚೆ ಪಾಲಿನ ಆ್ಯಪ್ ಈಚೆಯ ಕಡತ ಮುಟ್ಟಲಾರದು, ಕಂಪನಿಗೂ ಮನೆಯ ಫೋಟೊ ಕಾಣದು. ಫೋನು ಕಳೆದರೆ ಕಚೇರಿಯ ಪಾಲನ್ನಷ್ಟೇ ದೂರದಿಂದ ಅಳಿಸಬಹುದು.

ಕಳೆದುದನ್ನು ಬೇಗ ಹೇಳಿದರೆ ಮಾತ್ರ ಇದು ಸಾಧ್ಯ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆಗಳು ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಬೈಗುಳಕ್ಕೆ ಹೆದರಿದ ನೌಕರ ಎರಡು ದಿನ ಬಾಯಿ ಬಿಡದಿದ್ದರೆ ಆ ಆರು ಗಂಟೆಗೆ ಅರ್ಥವೇ ಇರುವುದಿಲ್ಲ.

ಕಚೇರಿಯಿಂದ ಮತ್ತೆ ಕಡಲತೀರಕ್ಕೆ ಬರೋಣ. ವಿಶಾಖಪಟ್ಟಣದ ದಕ್ಷಿಣಕ್ಕೆ, ಅನಕಾಪಲ್ಲಿ ಜಿಲ್ಲೆಯ ರಾಂಬಿಲ್ಲಿ ಕಡಲತೀರದಲ್ಲಿ ಈಗ ಐಎನ್‌ಎಸ್ ವರ್ಷ ಎಂಬ ಹೊಸ ನೌಕಾನೆಲೆ ಎದ್ದುನಿಲ್ಲುತ್ತಿದೆ. ಪಶ್ಚಿಮದಲ್ಲಿ ನಮ್ಮ ಕಾರವಾರದ ಐಎನ್‌ಎಸ್ ಕದಂಬ 2005ರಿಂದಲೇ ಇದೆ. 2025ರ ಫೆಬ್ರವರಿಯಲ್ಲಿ, ಆಂಧ್ರದಲ್ಲೇ ಶುರುವಾದ ಇನ್ನೊಂದು ಬೇಹುಗಾರಿಕೆ ಪ್ರಕರಣದಲ್ಲಿ ಎನ್‌ಐಎ ಬಂಧಿಸಿದ ಮೂವರಲ್ಲಿ ಇಬ್ಬರು ಉತ್ತರ ಕನ್ನಡದವರು. ಸಾಮಾಜಿಕ ಜಾಲತಾಣದ ಪರಿಚಯವೇ ಅಲ್ಲೂ ದಾರಿಯಾಯಿತು ಎನ್ನುತ್ತದೆ ತನಿಖಾ ಸಂಸ್ಥೆ. ಇಂಥ ನೆಲೆಗಳೊಳಗೆ ಸಮವಸ್ತ್ರದವರಷ್ಟೇ ಅಲ್ಲ, ಬೆಸುಗೆಯವರು, ಲಾರಿ ಚಾಲಕರು, ಕ್ಯಾಂಟೀನಿನವರೂ ದುಡಿಯುತ್ತಾರೆ. ಎಚ್ಚರಿಕೆಯ ಮಾತು ಅವರಿಗೆ ಅವರ ಭಾಷೆಯಲ್ಲೇ, ಕನ್ನಡದಲ್ಲಿ, ತೆಲುಗಿನಲ್ಲಿ, ಕೊಂಕಣಿಯಲ್ಲಿ ತಲುಪಬೇಕು.

ಗೇಟಿನಲ್ಲಿ ಫೋನು ತೆಗೆದಿರಿಸಿಕೊಂಡರೆ ಮನೆಯವರು ಕರೆಮಾಡಲು ಒಂದು ಸ್ಥಿರ ದೂರವಾಣಿಯೂ, ಅದರ ಬಳಿ ಸುದ್ದಿ ಮುಟ್ಟಿಸುವ ಒಬ್ಬ ಮನುಷ್ಯನೂ ಇರಬೇಕು. ಆ ವ್ಯವಸ್ಥೆ ಇಲ್ಲದ ಕಡೆ ಯಾರಾದರೂ ಕಾಲುಚೀಲದಲ್ಲಿ ಫೋನು ಅಡಗಿಸಿಕೊಂಡೇ ಒಳಹೋಗುತ್ತಾರೆ. ಊರಿನಲ್ಲಿ ಅವರ ತಾಯಿಗೆ ನಿಜಕ್ಕೂ ಹುಷಾರಿಲ್ಲದಿರಬಹುದು.