ಕಿಡ್ನಿಗೂ ಕರುಳಿಗೂ ಏನು ಸಂಬಂಧ?

ನಮ್ಮ ನಾನಾ, ಅಂದರೆ ಅಮ್ಮಿಯ ತಂದೆ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ಒಮ್ಮೆ ಅವರ ಜೊತೆ ನಾನು ಹೋಗಿದ್ದೆ. ಡಾಕ್ಟರ್ ಮೊದಲು ಕೇಳಿದ್ದು, "ಹೊಟ್ಟೆ ಸರಿಯಾಗಿ ಹೋಗ್ತದಾ?" ಎಂದು. ಕಿಡ್ನಿ ಡಾಕ್ಟರಿಗೆ ಮಲಬದ್ಧತೆಯ ಚಿಂತೆ ಯಾಕೆ? ನಾನು ಕಾಮರ್ಸ್ ವಿದ್ಯಾರ್ಥಿನಿ. ನನ್ನ ವಿಜ್ಞಾನ ಹತ್ತನೇ ತರಗತಿಗೇ ಮುಗಿದಿದೆ. ಆದರೂ ಬಯಾಲಜಿ ಮೇಡಂ ಹತ್ತಿರ ಕೇಳಿ, ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ನಮ್ಮ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಹೋಗುತ್ತದೆ, ಉಳಿದದ್ದು ರಕ್ತಕ್ಕೆ ವಾಪಸ್. ಹೀಗೆ ಹೊರಹಾಕುವ ಕಸದಲ್ಲಿ ಒಂದು ಪಾಲು ನಮ್ಮ ದೇಹ ಮಾಡಿದ್ದಲ್ಲ, ಕರುಳಿನ ಬ್ಯಾಕ್ಟೀರಿಯಾ ಮಾಡಿದ್ದು.

ನಮ್ಮ ದೊಡ್ಡ ಕರುಳಿನಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳಿವೆ. ನಾವು ತಿಂದು ಜೀರ್ಣವಾಗದೆ ಉಳಿದದ್ದೇ ಅವುಗಳ ಊಟ. ನಾರಿನಂಶ ಸಿಕ್ಕಿದರೆ ಅವು ಬ್ಯುಟಿರೇಟ್‌ನಂಥ ಒಳ್ಳೆಯ ಆಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಗೋಡೆ ಗಟ್ಟಿಯಾಗಿರಲು ಇವು ಬೇಕು. ನಾರು ಕಡಿಮೆಯಾಗಿ ಪ್ರೋಟೀನ್ ಮಾತ್ರ ಉಳಿದರೆ ಅದನ್ನೇ ಒಡೆಯುತ್ತವೆ. ಆಗ ಇಂಡೋಲ್, ಪಿ-ಕ್ರೆಸಾಲ್ ಎಂಬ ವಸ್ತುಗಳು ಹುಟ್ಟುತ್ತವೆ. ಲಿವರಿನಲ್ಲಿ ಅವು ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ಆಗಿ ಬದಲಾಗಿ ರಕ್ತ ಸೇರುತ್ತವೆ. ಆರೋಗ್ಯವಂತ ಕಿಡ್ನಿ ಇವನ್ನು ಹೊರಹಾಕುತ್ತದೆ. ಕಿಡ್ನಿ ಸೋತಿದ್ದರೆ ಇವು ರಕ್ತದಲ್ಲೇ ಉಳಿದು ಹೃದಯಕ್ಕೂ ರಕ್ತನಾಳಕ್ಕೂ ತೊಂದರೆ ಕೊಡುತ್ತವೆ. ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಡಯಾಲಿಸಿಸ್ ಯಂತ್ರಕ್ಕೂ ಇವು ಸುಲಭವಾಗಿ ಸಿಗುವುದಿಲ್ಲ. ಮಲಬದ್ಧತೆಯಿದ್ದರೆ ಬ್ಯಾಕ್ಟೀರಿಯಾಗಳಿಗೆ ಇವನ್ನು ತಯಾರಿಸಲು ಇನ್ನೂ ಹೆಚ್ಚು ಸಮಯ ಸಿಗುತ್ತದೆ. ಡಾಕ್ಟರ್ ಕೇಳಿದ ಪ್ರಶ್ನೆಯ ಅರ್ಥ ನನಗೆ ಆಗ ತಿಳಿಯಿತು.

ಪೆಟ್ಟು ಆ ಕಡೆಯಿಂದಲೂ ಇದೆ. ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚಿದ ಯೂರಿಯಾ ಕರುಳಿಗೂ ಇಳಿಯುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯಾ ಮಾಡುತ್ತವೆ. ಅದರಿಂದ ಕರುಳಿನ ಗೋಡೆ ಸಡಿಲವಾಗಿ, ಒಳಗಿನ ಕಲ್ಮಶ ರಕ್ತಕ್ಕೆ ಸೋರುತ್ತದೆ. ಹೀಗೆ ಒಂದು ಕೆಟ್ಟರೆ ಇನ್ನೊಂದನ್ನೂ ಕೆಡಿಸುತ್ತದೆ.

ನಮ್ಮ ಕಡೆ ಹಲವರಿಗೆ ಗೊತ್ತಿರುವ ಕಿಡ್ನಿ ಕಲ್ಲಿಗೂ ಬ್ಯಾಕ್ಟೀರಿಯಾಕ್ಕೂ ನಂಟಿದೆ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಬಸಳೆ, ಹರಿವೆಯಲ್ಲಿ ಆಕ್ಸಲೇಟ್ ಇದೆ. ಕರುಳಿನ ಆಕ್ಸಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಆಕ್ಸಲೇಟನ್ನೇ ತಿಂದು ಬದುಕುತ್ತದೆ. ಕೆಲವು ಆ್ಯಂಟಿಬಯೋಟಿಕ್‌ಗಳು ಅದನ್ನು ಕೊಲ್ಲಬಲ್ಲವು. ಆದ್ದರಿಂದ ಜ್ವರ ಬಂದ ಕೂಡಲೇ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗುವುದು ಬೇಡ. ಆಕ್ಸಲೇಟ್ ವಿಪರೀತವಾದರೆ ಬ್ಯಾಕ್ಟೀರಿಯಾವೂ ಕಾಪಾಡದು. ಕೊಲೆಸ್ಟ್ರಾಲಿಗೆ ಮದ್ದೆಂದು ಬಿಂಬುಳಿ ರಸ ಕುಡಿದವರ ಕಿಡ್ನಿ ಹಠಾತ್ ಕೆಟ್ಟದ್ದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಹಿತ್ತಲಲ್ಲಿ ಬೆಳೆದದ್ದೆಲ್ಲ ಮದ್ದಲ್ಲ.

ಇನ್ನು ನಮ್ಮ ಮನೆಯಲ್ಲಿ ಆದ ತಪ್ಪು. "ಮಾಂಸ ಕಿಡ್ನಿಗೆ ಕೆಟ್ಟದು" ಎಂದು ಯಾರೋ ಹೇಳಿದ್ದನ್ನು ಕೇಳಿ ನಾನಿ, ನಾನಾರಿಗೆ ಮೀನು, ಮೊಟ್ಟೆ ಎಲ್ಲ ನಿಲ್ಲಿಸಿಬಿಟ್ಟರು. ನಾನಾ ಸೊರಗಿದರು. ಡಯಟಿಷಿಯನ್ ವಿವರಿಸಿದ ಮೇಲೆ ತಿಳಿಯಿತು: ಡಯಾಲಿಸಿಸ್ ಶುರುವಾಗುವ ಮೊದಲು ಪ್ರೋಟೀನ್ ಮಿತಿಯಲ್ಲಿರಬೇಕು, ಶುರುವಾದ ಮೇಲೆ ಹೆಚ್ಚು ಬೇಕು. ಹಾಗೆಯೇ ನಾರು ಒಳ್ಳೆಯದೆಂದು ರೋಗಿಗೆ ಸಿಕ್ಕಿದ ಹಣ್ಣು, ಸೊಪ್ಪು ಕೊಡಬಾರದು. ಪೊಟ್ಯಾಸಿಯಂ ಹೆಚ್ಚಾದರೆ ಹೃದಯವೇ ನಿಲ್ಲಬಹುದು. ಪ್ರೊಬಯೋಟಿಕ್ ಪುಡಿಗಳು ಕಿಡ್ನಿ ಕಾಯಿಲೆಯನ್ನು ವಾಸಿ ಮಾಡುತ್ತವೆ ಎಂಬುದಕ್ಕೂ ಗಟ್ಟಿ ಪುರಾವೆಯಿಲ್ಲ.

ಆರೋಗ್ಯವಾಗಿರುವ ನಮಗೆ ದಾರಿ ಸುಲಭ. ಬಿರಿಯಾನಿ ತಿನ್ನೋಣ, ಜೊತೆಗೆ ತರಕಾರಿಯನ್ನೂ ತಿನ್ನೋಣ. ಹುರುಳಿ ಸಾರು, ಕುಚ್ಚಲಕ್ಕಿ ಗಂಜಿ ಬೇಡವೆನ್ನದಿರೋಣ. ಸಾಕಷ್ಟು ನೀರು ಕುಡಿಯೋಣ. ಕಿಡ್ನಿ ಕೆಡಲು ದೊಡ್ಡ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇವು ಇದ್ದರೆ ವರ್ಷಕ್ಕೊಮ್ಮೆ ಮೂತ್ರ ಪರೀಕ್ಷೆ, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಕಿಡ್ನಿ ಬಹಳ ಹಾಳಾಗುವವರೆಗೆ ನೋವೇ ಇರುವುದಿಲ್ಲ. ನಾನಾರಿಗೂ ಇರಲಿಲ್ಲ. ಅಮ್ಮಿಗೆ ಸಕ್ಕರೆ ಕಾಯಿಲೆ ಇದೆ. ಈ ಸಲ ಅವರನ್ನು ಪರೀಕ್ಷೆಗೆ ಕರೆದುಕೊಂಡು ಹೋದದ್ದು ನಾನೇ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ