ನೀರು ಎಲ್ಲಿ ಹೋಗುತ್ತಿದೆ?

‘ಎಂಜಿನ್ ಕೆಲಸ ಮಾಡಿಸಿ ಇನ್ನೂ ತಿಂಗಳಾಗಿಲ್ಲ ಅಣ್ಣ, ಕೂಲೆಂಟ್ ಕುಡೀತಾನೇ ಇದೆ. ಕೆಳಗೆ ಒಂದು ಹನಿ ಬಿದ್ದಿಲ್ಲ.’ ಹಳೆಯ ಕಾರುಗಳ ಕೆಲಸ ಹಿಡಿಯುವ ಯಾವ ಮೆಕ್ಯಾನಿಕ್‌ಗೂ ಈ ದೂರು ಹೊಸದಲ್ಲ. ಬೋರಿಂಗ್ ಆಗಿದೆ, ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಎಲ್ಲ ಹೊಸದು. ಕಾರು ಚೆನ್ನಾಗಿಯೇ ಓಡುತ್ತಿದೆ. ಆದರೂ ಬೆಳಿಗ್ಗೆ ಬೋನೆಟ್ ಎತ್ತಿದರೆ ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳಿದಿರುತ್ತದೆ.

ಇಂಥ ಕಾರು ಬಂದಾಗ ಸುತ್ತ ನಿಂತವರೆಲ್ಲ ಹೇಳುವುದು ಒಂದೇ ಮಾತು: ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಿ.’ ನಿಜವಾದ ಕೈಗುಣ ಇರುವವರು ಅಷ್ಟು ಸುಲಭಕ್ಕೆ ಸ್ಪ್ಯಾನರ್ ಎತ್ತುವುದಿಲ್ಲ. ಬಿಚ್ಚಿದ ಕೂಡಲೇ ಸಾಕ್ಷ್ಯ ಅಳಿಸಿಹೋಗುತ್ತದೆ ಎಂಬುದು ಅವರಿಗೆ ಗೊತ್ತು. ಗ್ಯಾಸ್ಕೆಟ್ ಕಿತ್ತಮೇಲೆ ಅದು ಮೊದಲೇ ಸೋರುತ್ತಿತ್ತೋ, ಕೀಳುವಾಗ ಹರಿಯಿತೋ ಎಂದು ಹೇಳುವುದು ಕಷ್ಟ. ಬಿಚ್ಚದೆ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋಗುವುದೇ ಈ ಕಸುಬಿನ ಹೆಚ್ಚುಗಾರಿಕೆ. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಬೆಲೆ ಸಿಕ್ಕಿಲ್ಲ. ಎಂಜಿನ್ ಕಟ್ಟಿದವನಿಗೆ ಮಜೂರಿ ಕೊಡುತ್ತೇವೆ, ಎಂಜಿನ್ ಬಿಚ್ಚುವುದನ್ನು ತಪ್ಪಿಸಿದವನಿಗೆ ಟೀ ಕುಡಿಸಿ ಕಳಿಸುತ್ತೇವೆ.

ಮೊದಲು ಕೇಳಬೇಕಾದದ್ದು, ಕೂಲೆಂಟ್ ನಿಜವಾಗಿಯೂ ಹೋಗುತ್ತಿದೆಯೇ ಎಂದು. ಹೊಸದಾಗಿ ಕಟ್ಟಿದ ಎಂಜಿನ್‌ನ ವಾಟರ್ ಜಾಕೆಟ್ (ಕೂಲೆಂಟ್ ಹರಿಯುವ ಒಳದಾರಿ) ಪೂರ್ತಿ ಖಾಲಿಯಾಗಿರುತ್ತದೆ. ರೇಡಿಯೇಟರ್ ಬಾಯಿಂದ ತುಂಬಿಸಿದಾಗ ಹೆಡ್ಡಿನ ಮೂಲೆಗಳಲ್ಲಿ, ಹೀಟರ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಕೆಲವು ಸಲ ಬಿಸಿಯಾಗಿ ತಣ್ಣಗಾಗುವಷ್ಟರಲ್ಲಿ ಆ ಗಾಳಿ ಹೊರಬಂದು, ಅದರ ಜಾಗಕ್ಕೆ ಕೂಲೆಂಟ್ ಇಳಿಯುತ್ತದೆ. ಇದು ಸೋರಿಕೆಯಲ್ಲ. ಮೂತಿ ಎತ್ತರಕ್ಕೆ ಬರುವಂತೆ ಕಾರು ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಗಾಳಿ ತೆಗೆದರೆ ಮಟ್ಟ ನಿಲ್ಲುತ್ತದೆ. ನಿಲ್ಲದೆ ಪ್ರತಿ ವಾರ ಅಷ್ಟೇ ಇಳಿಯುತ್ತಿದ್ದರೆ ಮಾತ್ರ ಹುಡುಕಾಟ ಶುರು.

ಹುಡುಕಾಟ ರೇಡಿಯೇಟರ್ ಕ್ಯಾಪ್‌ನಿಂದ ಶುರುವಾಗಬೇಕು. ಕೆಲವೇ ನೂರು ರೂಪಾಯಿಯ ಈ ಮುಚ್ಚಳವನ್ನು ಎಂಜಿನ್ ಕೆಲಸಕ್ಕೆ ಸಾವಿರಗಟ್ಟಲೆ ಸುರಿದವರೂ ಬದಲಿಸುವುದಿಲ್ಲ. ಅದರ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ, ಅದು ತಡೆಯಬೇಕಾದ ಒತ್ತಡ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. 0.9 ಕ್ಯಾಪ್ ಹಿಡಿದಿಟ್ಟ ಒತ್ತಡದಲ್ಲಿ ಅದೇ ನೀರು ಕುದಿಯಲು ಸುಮಾರು 117 ಡಿಗ್ರಿ ಬೇಕು. ಕ್ಯಾಪ್‌ನ ಸ್ಪ್ರಿಂಗ್ ಸೋತಿದ್ದರೆ ಕೂಲೆಂಟ್ ಬೇಗನೆ ಉಕ್ಕಿ ಡಬ್ಬಿಗೆ ಹೋಗುತ್ತದೆ, ಅಲ್ಲಿಂದ ಆಚೆಗೆ. ಕ್ಯಾಪ್‌ನ ನಡುವೆ ಇನ್ನೊಂದು ಪುಟ್ಟ ವಾಲ್ವ್ ಇದೆ. ಎಂಜಿನ್ ತಣ್ಣಗಾಗುವಾಗ ಡಬ್ಬಿಯಿಂದ ಕೂಲೆಂಟನ್ನು ವಾಪಸ್ ಎಳೆದುಕೊಳ್ಳುವುದು ಅದರ ಕೆಲಸ. ಅದು ಅಂಟಿಕೊಂಡರೆ, ಅಥವಾ ಡಬ್ಬಿಯ ಪೈಪ್ ಸೀಳಿದ್ದರೆ, ಡಬ್ಬಿ ತುಂಬಿದ್ದರೂ ರೇಡಿಯೇಟರ್ ಒಳಗೆ ಬರಿದಾಗಿರುತ್ತದೆ.

ಕ್ಯಾಪ್ ಸರಿಯಿದ್ದರೆ ಮುಂದಿನದು ಪ್ರೆಷರ್ ಪಂಪ್. ಸೈಕಲ್ ಪಂಪಿನಷ್ಟೇ ಸರಳವಾದ ಉಪಕರಣ, ಮೇಲೊಂದು ಮೀಟರ್. ತಣ್ಣಗಿರುವ ಎಂಜಿನ್‌ನ ರೇಡಿಯೇಟರ್ ಬಾಯಿಗೆ ಕೂಡಿಸಿ, ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಸುಮ್ಮನೆ ಕಾಯಬೇಕು. ಕಾಲು ಗಂಟೆಯಾದರೂ ಮುಳ್ಳು ಅಲುಗದಿದ್ದರೆ ಒಳ್ಳೆಯ ಸೂಚನೆ. ಇಳಿಯುತ್ತಿದ್ದರೆ ಟಾರ್ಚ್ ಹಿಡಿದು ಬಗ್ಗಬೇಕು. ತಣ್ಣನೆಯ ಎಂಜಿನ್ ಮೇಲೇ ಏಕೆಂದರೆ, ಓಡಿಬಂದ ಎಂಜಿನ್ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗಿ ಹೋಗುತ್ತದೆ. ಕೆಳಗೆ ಹನಿ ಬಿದ್ದಿಲ್ಲ ಎಂಬ ಮಾತಿನ ಗುಟ್ಟು ಎಷ್ಟೋ ಸಲ ಇಷ್ಟೇ. ಹನಿ ಹೋದರೂ ಕಲೆ ಉಳಿಯುತ್ತದೆ, ಒಣಗಿದ ಹಸಿರು ಇಲ್ಲವೇ ಗುಲಾಬಿ ಪುಡಿ.

ಆ ಪುಡಿ ಕಾಣುವ ಜಾಗಗಳೂ ಅನುಭವಸ್ಥರಿಗೆ ಗೊತ್ತಿರುತ್ತವೆ. ವಾಟರ್ ಪಂಪಿನ ಹೊಟ್ಟೆಯಲ್ಲಿ ಒಂದು ಸಣ್ಣ ತೂತು ಬೇಕೆಂದೇ ಬಿಟ್ಟಿರುತ್ತಾರೆ. ಒಳಗಿನ ಸೀಲ್ ಸೋತರೆ ನೀರು ಬೇರಿಂಗ್ ಕಡೆ ಹೋಗದೆ ಅಲ್ಲಿಂದ ಜಿನುಗಲಿ ಎಂದು. ಆ ತೂತಿಗೆ ಪೇಸ್ಟ್ ಮೆತ್ತಿ ಮುಚ್ಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೆಲಸ ಆದ ಎಂಜಿನ್‌ನಲ್ಲಿ ಇನ್ನೊಂದು ಗುಮಾನಿಯ ಜಾಗ ಬ್ಲಾಕಿನ ಬದಿಯ ತೂತುಗಳನ್ನು ಮುಚ್ಚುವ ವೆಲ್ಶ್ ಪ್ಲಗ್‌ಗಳು. ತೊಳೆಯಲು ತೆಗೆದು ಹೊಸದು ಬಡಿಯುವಾಗ ತುಸು ಓರೆಯಾದರೂ ಸಾಕು. ಗೇರ್‌ಬಾಕ್ಸ್ ಹಿಂದೆ ಅಡಗಿರುವ ಪ್ಲಗ್ ಜಿನುಗಿದರೆ ಕಣ್ಣಿಗೆ ಬೀಳುವುದೇ ಇಲ್ಲ. ಹೀಟರ್ ಕೋರ್ ಸೋರಿದರೆ ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗುತ್ತದೆ, ಗಾಜಿನ ಒಳಮೈ ಜಿಡ್ಡುಜಿಡ್ಡಾಗಿ ಮಬ್ಬಾಗುತ್ತದೆ. ಹೀಟರನ್ನೇ ಬಳಸದ ನಮ್ಮ ಕಡೆ ಅದನ್ನು ಎ.ಸಿ. ನೀರು ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು.

ಹೊರಗೆಲ್ಲೂ ಸಿಗಲಿಲ್ಲ, ಮುಳ್ಳು ಮಾತ್ರ ಇಳಿಯುತ್ತಿದೆ ಎಂದರೆ ನೀರು ಒಳಗೆ ಹೋಗುತ್ತಿದೆ. ಇಲ್ಲಿ ಒಂದು ಹಳೆಯ ಉಪಾಯವಿದೆ. ಒತ್ತಡ ಕೊಟ್ಟು ರಾತ್ರಿಯಿಡೀ ಬಿಡುವುದು, ಬೆಳಿಗ್ಗೆ ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ ಕ್ರ್ಯಾಂಕ್ ಮಾಡುವುದು. ಯಾವ ತೂತಿನಿಂದ ನೀರು ಚಿಮ್ಮಿತೋ ಆ ಸಿಲಿಂಡರೇ ಕಳ್ಳ. ಬಿಚ್ಚಿದ ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೋಡಿದರೂ ತಿಳಿಯುತ್ತದೆ. ಉಳಿದವು ಕಂದು ಬಣ್ಣಕ್ಕೆ ತಿರುಗಿದ್ದರೆ, ನೀರು ಕುಡಿದ ಸಿಲಿಂಡರಿನದು ಹಬೆಗೆ ತೊಳೆದು ಬೆಳ್ಳಗಾಗಿರುತ್ತದೆ. ಆಯಿಲ್ ಮುಚ್ಚಳದ ಅಡಿಯ ಕೆನೆಬಣ್ಣದ ಲೋಳೆಯನ್ನು ಮಾತ್ರ ಒಮ್ಮೆಲೇ ನಂಬಬಾರದು. ಮಲೆನಾಡಿನ ಮಳೆಗಾಲದಲ್ಲಿ ದಿನಾ ಎರಡು ಮೈಲಿಯಷ್ಟೇ ಓಡುವ ಕಾರಿನಲ್ಲಿ ತೇವದಿಂದಲೂ ಅದು ಕಟ್ಟುತ್ತದೆ. ಡಿಪ್‌ಸ್ಟಿಕ್ ಆಯಿಲ್ಲೇ ಕೆನೆಯಾಗಿದ್ದರೆ ಮಾತು ಬೇರೆ.

ಗ್ಯಾಸ್ಕೆಟ್ ಮೇಲಿನ ಆರೋಪಕ್ಕೆ ಪುರಾವೆ ಕೊಡುವುದು ಒಂದು ನೀಲಿ ದ್ರವ, ಬ್ರೋಮೊಥೈಮಾಲ್ ಬ್ಲೂ. ಪಾರದರ್ಶಕ ಕೊಳವೆಯಲ್ಲಿ ಅದನ್ನು ಹಾಕಿ ರೇಡಿಯೇಟರ್ ಬಾಯಿಗಿಟ್ಟು, ಎಂಜಿನ್ ಓಡುವಾಗ ಮೇಲಿನ ರಬ್ಬರ್ ಬುರುಡೆಯನ್ನು ಹಿಚುಕಿ ಒಳಗಿನ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಪೆಟ್ರೋಲ್ ಎಂಜಿನ್‌ನಲ್ಲಿ ಉರಿದ ಅನಿಲದ ಇಂಗಾಲದ ಡೈಆಕ್ಸೈಡ್ ಬೆರೆತಿದ್ದರೆ ನೀಲಿ ಹಳದಿಯಾಗುತ್ತದೆ. ಸಿಲಿಂಡರಿನೊಳಗಿನ ಒತ್ತಡ ಕೂಲೆಂಟಿನ ಒತ್ತಡಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಹೀಗಾಗಿ ಓಡುವಾಗ ಅನಿಲ ನೀರಿಗೆ ನುಗ್ಗುತ್ತದೆ, ನಿಂತ ಮೇಲೆ ನೀರು ಸಿಲಿಂಡರಿಗೆ ಇಳಿಯುತ್ತದೆ. ಬೆಳಗಿನ ಮೊದಲ ಸ್ಟಾರ್ಟಿಗೆ ಬಿಳಿ ಹೊಗೆ, ನಿಮಿಷದೊಳಗೆ ಕಲ್ಲಾಗುವ ಮೇಲಿನ ಹೋಸ್, ಎರಡಕ್ಕೂ ಕಾರಣ ಇದೇ.

ಹೊಸ ಗ್ಯಾಸ್ಕೆಟ್ ಇಷ್ಟು ಬೇಗ ಏಕೆ ಸೋಲುತ್ತದೆ? ಮಾರುತಿ 800 ಕಾರಿನ 796 ಸಿ.ಸಿ. ಎಂಜಿನನ್ನೇ ನೋಡಿ. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಪ್ರತಿ ಓಟದಲ್ಲೂ ಎರಡು ಲೋಹಗಳು ಗ್ಯಾಸ್ಕೆಟ್ಟಿನ ಎರಡೂ ಮೈಗಳನ್ನು ಬೇರೆ ಬೇರೆ ಅಳತೆಗೆ ಎಳೆಯುತ್ತಲೇ ಇರುತ್ತವೆ. ಮೈ ಸಪಾಟಾಗಿಲ್ಲದಿದ್ದರೆ ಯಾವ ಗ್ಯಾಸ್ಕೆಟ್ಟೂ ತಾಳದು. ಇಂಥ ಸಣ್ಣ ಎಂಜಿನ್‌ಗಳ ಹೆಡ್ಡಿಗೆ ಸಾಮಾನ್ಯವಾಗಿ ಬಿಡುವ ಡೊಂಕು 0.05 ಮಿಲಿಮೀಟರ್, ತಲೆಕೂದಲಿಗಿಂತ ಕಡಿಮೆ. ಹಿಂದೊಮ್ಮೆ ಓವರ್‌ಹೀಟ್ ಆದ ಎಂಜಿನ್ ಆದರೆ ಹೆಡ್ಡಿನ ಎರಡು ವಾಲ್ವ್ ಸೀಟುಗಳ ನಡುವೆ ಬಿರುಕೂ ಇರಬಹುದು. ತಣ್ಣಗಿದ್ದಾಗ ಮುಚ್ಚಿಕೊಂಡು ಬಿಸಿಯಲ್ಲಿ ಬಾಯಿಬಿಡುವ ಬಿರುಕು, ಮೈ ಸಪಾಟು ಮಾಡುವ ಫೇಸಿಂಗ್ ಮಾಡಿದರೂ ಹೋಗುವುದಿಲ್ಲ. ಹೆಡ್ಡಿನ ತೂತುಗಳನ್ನು ಮುಚ್ಚಿ, ಗಾಳಿ ತುಂಬಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಿದ್ದೀರಾ ಎಂದು ಮಷಿನ್ ಶಾಪಿನಲ್ಲಿ ಕೇಳಲೇಬೇಕು.

ಸೋರಿಕೆ ನಿಲ್ಲಿಸುವ ಪುಡಿ, ದ್ರವಗಳ ಬಗ್ಗೆ ಒಂದೇ ಮಾತು: ಊರು ತಲುಪಿಸಲು ಸರಿ, ಮನೆಯಲ್ಲಿ ಬೇಡ. ಬಿರುಕಿಗೆ ಕಟ್ಟುವ ವಸ್ತು ರೇಡಿಯೇಟರಿನ ಸಣ್ಣ ಕೊಳವೆಗಳಿಗೂ ಕಟ್ಟುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಸುರಿಯುವುದೂ ಹಾಗೆಯೇ, ಒಳಗೆ ಸುಣ್ಣ ಕಟ್ಟುತ್ತದೆ. ಇನ್ನು ಬಸಿದ ಕೂಲೆಂಟ್ ಸಿಹಿಯಾಗಿರುತ್ತದೆ, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿಗಳೂ ಮಕ್ಕಳೂ ಓಡಾಡುವಲ್ಲಿ ತೆರೆದಿಡಬಾರದು.

ಕೊನೆಗೂ ಹೆಡ್ ಬಿಚ್ಚಲೇಬೇಕಾಗಿ ಬಂದರೆ, ಮತ್ತೆ ಕೂರಿಸುವ ಮುನ್ನ ಬ್ಲಾಕಿನ ಬೋಲ್ಟ್ ತೂತುಗಳೊಳಗೆ ಟಾರ್ಚ್ ಬಿಟ್ಟು ನೋಡಿ. ತಳ ಮುಚ್ಚಿದ ತೂತಿನಲ್ಲಿ ತೊಳೆದ ನೀರೋ ಆಯಿಲ್ಲೋ ಉಳಿದಿದ್ದರೆ ಬೋಲ್ಟ್ ಅದನ್ನೇ ಅದುಮುತ್ತದೆ. ಟಾರ್ಕ್ ವ್ರೆಂಚ್ ಬಿಗಿಯಾಯಿತೆಂದು ಕ್ಲಿಕ್ ಅನ್ನುತ್ತದೆ, ಹೆಡ್ ಬಿಗಿಯಾಗಿರುವುದಿಲ್ಲ. ಕೆಲವೊಮ್ಮೆ ಬ್ಲಾಕೇ ಸೀಳುತ್ತದೆ. ಇನ್ನು ಕೆಲವು ಎಂಜಿನ್‌ಗಳಲ್ಲಿ, ಷೆವ್ರೊಲೆಯ ಹಳೆಯ ಸ್ಮಾಲ್ ಬ್ಲಾಕ್ ವಿ8ನಲ್ಲಿರುವಂತೆ, ತೂತು ನೇರವಾಗಿ ವಾಟರ್ ಜಾಕೆಟ್ಟಿಗೇ ತೆರೆದಿರುತ್ತದೆ. ಅಲ್ಲಿ ಬೋಲ್ಟಿನ ಮರೆಗಳಿಗೆ ಸೀಲೆಂಟ್ ಹಚ್ಚದಿದ್ದರೆ ಕೂಲೆಂಟ್ ಮರೆಗುಂಟ ಹತ್ತಿ ಬರುತ್ತದೆ, ಗ್ಯಾಸ್ಕೆಟ್ ಎಷ್ಟು ಹೊಸದಿದ್ದರೂ.