ಮನೆಯ ಎಣ್ಣೆದೀಪ: ಆಯ್ಕೆ, ಬಳಕೆ ಮತ್ತು ಆರೋಗ್ಯ

ವಿದ್ಯುದ್ದೀಪವಿಲ್ಲದ ಮನೆಯು ಇಂದು ಚೆನ್ನೈ ಮಹಾನಗರದಲ್ಲಿ ಕಾಣಸಿಗುವುದು ವಿರಳ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಹರಿದು ಬಂದಂದಿನಿಂದ ಕನ್ನಡಿಗರ ಮನೆಗಳಲ್ಲಿ ಎಣ್ಣೆದೀಪವು ಒಂದೊಂದೇ ಕೋಣೆಯನ್ನು ಬಿಟ್ಟುಕೊಡುತ್ತ ಕೊನೆಗೆ ದೇವರ ಮನೆಯನ್ನು ಸೇರಿಕೊಂಡಿತು. ಆದರೆ ಅಂಬತ್ತೂರು, ಪಾಡಿ, ಕೊರಟ್ಟೂರುಗಳ ನಿವಾಸಿಗಳು ಅದನ್ನು ಪೂರ್ಣವಾಗಿ ಮರೆಯುವಂತಿಲ್ಲ. 2015ರ ಡಿಸೆಂಬರ್ ಪ್ರವಾಹ, 2016ರ ಡಿಸೆಂಬರ್ 12ರ ವರ್ಧಾ ಚಂಡಮಾರುತ, ಅಂಬತ್ತೂರಿನ ಕೈಗಾರಿಕಾ ವಸಾಹತನ್ನು ಜಲಾವೃತಗೊಳಿಸಿದ 2023ರ ಡಿಸೆಂಬರಿನ ಮಿಚಾಂಗ್ - ಈ ಮೂರೂ ಸಂದರ್ಭಗಳಲ್ಲಿ ನಗರದ ಅನೇಕ ಭಾಗಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಇನ್ವರ್ಟರಿನ ಬ್ಯಾಟರಿ ಮೊದಲ ರಾತ್ರಿಗೇ ಬರಿದಾದರೆ, ಎರಡನೆಯ ರಾತ್ರಿ ಅಟ್ಟದ ಮೇಲಿನ ಹಳೆಯ ಲಾಟೀನು ಕೆಳಗಿಳಿಯುತ್ತದೆ. ಅದರ ಬಳಕೆಯನ್ನು ಬಲ್ಲ ಅಜ್ಜಿಯು ಊರಿನಲ್ಲಿರುತ್ತಾಳೆ. ಇಲ್ಲಿ ಅದನ್ನು ಹಚ್ಚುವವರು ಬೆಂಕಿಕಡ್ಡಿಯನ್ನೇ ಅಪರೂಪಕ್ಕೆ ಹಿಡಿಯುವವರು. ಅಪಾಯವಿರುವುದು ಇಲ್ಲಿಯೇ.

ಮೊದಲಿಗೆ ಎಣ್ಣೆಯ ಹೆಸರಿನ ವಿಚಾರ. ಊರಿನಿಂದ ಹೊಸದಾಗಿ ಬಂದವರು ಅಂಬತ್ತೂರಿನ ಅಂಗಡಿಯಲ್ಲಿ 'ವಿಳಕ್ಕೆಣ್ಣೈ' ಎಂದು ಕೇಳಿದರೆ ಅಂಗಡಿಯವನು ಹರಳೆಣ್ಣೆಯನ್ನು ಕೊಡುತ್ತಾನೆ. ಆ ತಮಿಳು ಶಬ್ದಕ್ಕೆ ದೀಪದೆಣ್ಣೆಯೆಂದೇ ಅರ್ಥವಿದ್ದರೂ ರೂಢಿಯಲ್ಲಿ ಅದು ಹರಳೆಣ್ಣೆಯ ಹೆಸರು. ಒಂದು ಕಾಲಕ್ಕೆ ಮನೆಮನೆಯಲ್ಲಿ ಉರಿಯುತ್ತಿದ್ದುದು ಯಾವ ಎಣ್ಣೆಯೆಂಬುದನ್ನು ಆ ಹೆಸರೇ ಹೇಳುತ್ತದೆ. ಎಳ್ಳೆಣ್ಣೆಯು ಇಲ್ಲಿ 'ನಲ್ಲೆಣ್ಣೈ'. ನಮಗೆ ಸೀಮೆಯಿಂದ ಬಂದುದರಿಂದ ಸೀಮೆಎಣ್ಣೆಯಾದುದು ತಮಿಳರಿಗೆ ಮಣ್ಣಿನಿಂದ ಬಂದುದರಿಂದ 'ಮಣ್ಣೆಣ್ಣೈ'. ಪೂಜೆಯ ದೀಪಕ್ಕೆಂದೇ ಸೀಸೆಗಳಲ್ಲಿ ಮಾರುವ ಮಿಶ್ರ ತೈಲವು ಇವೆಲ್ಲಕ್ಕಿಂತ ಬೇರೆ. ಅದು ತಿನ್ನತಕ್ಕದ್ದಲ್ಲ, ಅಡುಗೆಯ ಎಣ್ಣೆಗಳ ಸಾಲಿನಲ್ಲಿ ಅದನ್ನು ಇಡಲೇಕೂಡದು.

ದೀಪವು ಉರಿಯುವ ಬಗೆಯನ್ನು ತಿಳಿದರೆ ಆಯ್ಕೆಯು ಸುಲಭವಾಗುತ್ತದೆ. ಉರಿಯುವುದು ಬತ್ತಿಯಲ್ಲ, ಬತ್ತಿಯ ಮೂಲಕ ಮೇಲೇರಿ ಆವಿಯಾಗುವ ಎಣ್ಣೆ. ಹರಳೆಣ್ಣೆ, ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ, ನಮ್ಮ ಹಳ್ಳಿಗಳ ಹೊಂಗೆ ಮತ್ತು ಹಿಪ್ಪೆಯ ಎಣ್ಣೆಗಳು ಮಂದವಾದವು. ಅವು ಬತ್ತಿಯಲ್ಲಿ ಹೆಚ್ಚು ಎತ್ತರಕ್ಕೆ ಏರಲಾರವು. ಆದುದರಿಂದಲೇ ಹಣತೆಯು ಅಗಲವಾಗಿ, ಆಳವಿಲ್ಲದೆ, ಉರಿಯು ಎಣ್ಣೆಯ ಮಟ್ಟಕ್ಕೆ ಅಂಟಿಕೊಂಡಂತೆ ಇರುತ್ತದೆ. ಸೀಮೆಎಣ್ಣೆಯು ತೆಳುವಾದುದು, ಒಂದು ಗೇಣಿನಷ್ಟು ಬತ್ತಿಯನ್ನಾದರೂ ನಿರಾಯಾಸವಾಗಿ ಏರುತ್ತದೆ. ಆದುದರಿಂದ ಲಾಟೀನಿನಲ್ಲಿ ತೊಟ್ಟಿಯು ಕೆಳಗೆ, ಉರಿಯು ಮೇಲೆ. ಲಾಟೀನಿಗೆ ಹರಳೆಣ್ಣೆಯನ್ನು ತುಂಬಿದರೆ ಬತ್ತಿಯು ಕರಿಹಿಡಿದು ಆರುತ್ತದೆ, ಅಷ್ಟೇ. ಹಣತೆಗೆ ಸೀಮೆಎಣ್ಣೆಯನ್ನು ಸುರಿದರೆ ಮಾತ್ರ ಹಣತೆಯ ಮೇಲ್ಮೈಯೆಲ್ಲವೂ ಹೊತ್ತಿಕೊಳ್ಳಬಹುದು. ಮೊದಲನೆಯದು ನಷ್ಟ, ಎರಡನೆಯದು ಅನಾಹುತ.

ಎಣ್ಣೆಯ ಮೇಲಿನ ಆವಿಯು ಕಿಡಿ ತಾಗಿದೊಡನೆ ಭಗ್ಗೆನ್ನುವ ಉಷ್ಣತೆಗೆ ಜ್ವಲನಬಿಂದು ಎಂದು ಹೆಸರು. ಸಸ್ಯತೈಲಗಳಲ್ಲಿ ಇದು 200 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಸೀಮೆಎಣ್ಣೆಗೆ ಭಾರತೀಯ ಮಾನಕವು ವಿಧಿಸಿರುವ ಕನಿಷ್ಠ ಮಿತಿಯು ಕೇವಲ 35 ಡಿಗ್ರಿ. ಮೇ ತಿಂಗಳಲ್ಲಿ ಚೆನ್ನೈಯ ನೆರಳಿನ ಉಷ್ಣತೆಯೇ 40 ಡಿಗ್ರಿಯನ್ನು ಮುಟ್ಟುವುದುಂಟೆಂಬುದನ್ನು ಇದರೊಡನೆ ಹೋಲಿಸಿ ನೋಡಬೇಕು. ಬಾಲ್ಕನಿಯ ಶೀಟಿನ ಕೆಳಗೆ ಕಾಯುತ್ತಿರುವ ಸೀಮೆಎಣ್ಣೆಯ ಡಬ್ಬಿಯು ಆ ಹೊತ್ತಿನಲ್ಲಿ ಒಂದು ಕಿಡಿಗಾಗಿ ಮಾತ್ರ ಕಾದಿರುತ್ತದೆ. ಅದರಲ್ಲಿ ಅಲ್ಪಸ್ವಲ್ಪ ಪೆಟ್ರೋಲು ಬೆರೆತಿದ್ದರಂತೂ ಮೇ ತಿಂಗಳಿಗೂ ಕಾಯಬೇಕಾಗಿಲ್ಲ. ಸ್ಕೂಟರಿನ ಪೆಟ್ರೋಲನ್ನು ಹಿಡಿದ ಡಬ್ಬಿಯಲ್ಲಿ ಸೀಮೆಎಣ್ಣೆಯನ್ನು ತುಂಬಬಾರದೆಂಬುದಕ್ಕೆ ಇದೇ ಕಾರಣ.

ಇನ್ನು ಆರೋಗ್ಯದ ಮಾತು. ಗಾಜಿಲ್ಲದ ಬುಡ್ಡಿದೀಪವು ಎಲ್ಲ ದೀಪಗಳಲ್ಲಿ ಅಗ್ಗವಾದುದು, ಎಲ್ಲಕ್ಕಿಂತ ಕೆಟ್ಟದ್ದೂ ಹೌದು. ಅದರಲ್ಲಿ ಉರಿಯುವ ಸೀಮೆಎಣ್ಣೆಯ ನೂರಕ್ಕೆ 7ರಿಂದ 9 ಪಾಲು ಕರಿಯ ಮಸಿಯ ಕಣಗಳಾಗಿ ಗಾಳಿಗೆ ಸೇರುತ್ತದೆಂದು 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಈ ಕಣಗಳು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ತಳದವರೆಗೂ ಇಳಿಯುವಷ್ಟು ಸೂಕ್ಷ್ಮವಾದವು. ಬೆಳಿಗ್ಗೆ ಮಗುವಿನ ಮೂಗಿನಲ್ಲಿ ಕಾಣುವ ಕಪ್ಪು ಕಣ್ಣಿಗೆ ಬಿದ್ದ ಪಾಲು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯು 2014ರ ತನ್ನ ಮಾರ್ಗಸೂಚಿಯಲ್ಲಿ ಮನೆಯೊಳಗೆ ಸೀಮೆಎಣ್ಣೆಯನ್ನು ಉರಿಸುವುದನ್ನೇ ಪ್ರೋತ್ಸಾಹಿಸಬಾರದೆಂದು ಹೇಳಿದೆ. ಸಸ್ಯತೈಲದ ದೀಪವು ನಿರ್ದೋಷಿಯೆಂದು ಇದರ ಅರ್ಥವಲ್ಲ. ಬತ್ತಿ ಉದ್ದವಾದರೆ ಅದೂ ಹೊಗೆಯುಗುಳುತ್ತದೆ. ಆರಿಸಿದಾಗ ಕಣ್ಣುರಿಸುವ ಆ ಘಾಟು ಎಣ್ಣೆಯು ಅರೆಬೆಂದು ಹುಟ್ಟುವ ಅಕ್ರೋಲೀನ್ ಎಂಬ ವಸ್ತುವಿನದು. ಸೊಳ್ಳೆಗೆ ಹೆದರಿ ಕಿಟಕಿಗಳನ್ನು ಮುಚ್ಚಿ, ಒಳಗೆ ಸೊಳ್ಳೆಬತ್ತಿ, ಊದುಬತ್ತಿ, ದೀಪ ಮೂರನ್ನೂ ಹಚ್ಚುವ ಚಿಕ್ಕ ಫ್ಲಾಟುಗಳಲ್ಲಿ ಉಬ್ಬಸದ ರೋಗಿಗಳಿಗೂ ಹಸುಗೂಸುಗಳಿಗೂ ಇದು ಶಿಕ್ಷೆಯೇ ಸರಿ. ಎರಡು ಕಿಟಕಿಗಳನ್ನು ನಾಲ್ಕು ಬೆರಳಷ್ಟಾದರೂ ತೆರೆದಿಡಬೇಕು. ಮುಚ್ಚಿದ ಕೋಣೆಯಲ್ಲಿ ಲಾಟೀನು ಉರಿಸಿ ಮಲಗುವುದು ಸರ್ವಥಾ ಕೂಡದು. ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡು ನಿದ್ರಿಸುವವರನ್ನು ಎಚ್ಚರಿಸುವುದಿಲ್ಲ.

ಲೆಕ್ಕದ ದೃಷ್ಟಿಯಿಂದಲೂ ಒಮ್ಮೆ ನೋಡಬಹುದು. ಬುಡ್ಡಿದೀಪದ ಬೆಳಕು ಸುಮಾರು 10 ಲ್ಯೂಮೆನ್, ಒಳ್ಳೆಯ ಲಾಟೀನಿನದು 50ರ ಆಸುಪಾಸು. 9 ವ್ಯಾಟಿನ ಎಲ್‌ಇಡಿ ಬಲ್ಬಿನದು 800ಕ್ಕೂ ಮಿಗಿಲು. ಲಾಟೀನು ಗಂಟೆಗೆ 20 ಮಿಲಿಲೀಟರ್ ಸೀಮೆಎಣ್ಣೆಯನ್ನು ಉರಿಸುತ್ತದೆಯೆಂದಿಟ್ಟುಕೊಂಡರೆ ಅದು ಖರ್ಚುಮಾಡುವ ಶಕ್ತಿಯು 200 ವ್ಯಾಟಿಗೆ ಸಮೀಪ. ಅಷ್ಟು ಖರ್ಚಿಗೆ ಜಮೆಯಾಗುವ ಬೆಳಕು ಅರ್ಧ ವ್ಯಾಟಿನ ಎಲ್‌ಇಡಿ ಕೊಡುವಷ್ಟು ಮಾತ್ರ, ಉಳಿದುದೆಲ್ಲ ಸೆಖೆ. ಚೆನ್ನೈಯಲ್ಲಿ ಸೆಖೆಯನ್ನು ಹಣ ಕೊಟ್ಟು ಕೊಳ್ಳುವವರು ಯಾರು? ಆದುದರಿಂದ ಓದುವುದಕ್ಕೆ, ಅಡುಗೆಗೆ, ಔಷಧದ ಚೀಟಿಯನ್ನು ನೋಡುವುದಕ್ಕೆ ಬ್ಯಾಟರಿಯ ಅಥವಾ ಸೌರಶಕ್ತಿಯ ಎಲ್‌ಇಡಿ ದೀಪವೇ ಯೋಗ್ಯ. ಅಕ್ಟೋಬರಿನಲ್ಲಿ ಈಶಾನ್ಯ ಮುಂಗಾರು ಪ್ರಾರಂಭವಾಗುವ ಮುನ್ನವೇ ಅದನ್ನು ಪರೀಕ್ಷಿಸಿಡಬೇಕು. ಎಣ್ಣೆದೀಪಕ್ಕೆ ಉಳಿಯುವ ಕೆಲಸಗಳು ಎರಡು: ದೇವರ ದೀಪ, ಮತ್ತು ಬ್ಯಾಟರಿ ಕೈಕೊಟ್ಟಾಗ ಮನೆಯ ಹಿರಿಯರು ನಡುರಾತ್ರಿಯಲ್ಲಿ ಎಡವಿ ಬೀಳದಂತೆ ನಡುಮನೆಯಲ್ಲಿ ಉರಿಯುವ ಸಣ್ಣ ಬೆಳಕು.

ಈ ಎರಡನೆಯ ಕೆಲಸಕ್ಕೆ ಸಸ್ಯತೈಲದ ದೀಪವೇ ಉತ್ತಮ. ಉರುಳಿದರೂ ಚೆಲ್ಲಿದ ತಣ್ಣನೆಯ ಎಣ್ಣೆಯು ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಆ ಎಣ್ಣೆಯನ್ನು ಹೀರಿದ ಬಟ್ಟೆಯು ತಾನೇ ಬತ್ತಿಯಾಗುತ್ತದೆಂಬುದನ್ನು ಮರೆಯಬಾರದು. ಹರಳೆಣ್ಣೆಯು ನಿಧಾನವಾಗಿ, ಸಣ್ಣ ಉರಿಯಲ್ಲಿ, ಬಹಳ ಹೊತ್ತು ಉರಿಯುತ್ತದೆ. ಎಳ್ಳೆಣ್ಣೆಯ ಉರಿಯು ಸ್ವಲ್ಪ ಹೆಚ್ಚು ಬೆಳಕಿನದು. ಕೊಬ್ಬರಿ ಎಣ್ಣೆಯು 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುವುದರಿಂದ ಬೆಂಗಳೂರಿನ ಚಳಿಗಾಲದಲ್ಲಿ ತೊಂದರೆ ಕೊಡುತ್ತದೆ; ಚೆನ್ನೈಯಲ್ಲಿ ವರ್ಷದ ಬಹುಭಾಗ ಆ ಚಿಂತೆಯಿಲ್ಲ. ಹೊಸ ಮಣ್ಣಿನ ಹಣತೆಯನ್ನು ಕೆಲವು ಗಂಟೆ ನೀರಿನಲ್ಲಿ ನೆನೆಸಿ ಒರೆಸಿಟ್ಟರೆ ಅದು ಎಣ್ಣೆಯನ್ನು ಕುಡಿಯುವುದು ಕಡಿಮೆಯಾಗುತ್ತದೆ. ಬತ್ತಿಯು ಶುದ್ಧ ಹತ್ತಿಯದಾಗಿರಬೇಕು. ಬುಡವು ಅಗಲವಾದ ಹಿತ್ತಾಳೆಯ ದೀಪವು ಮಣ್ಣಿನದಕ್ಕಿಂತ ಭದ್ರ. ಅದನ್ನು ನೀರು ಹಾಕಿದ ತಟ್ಟೆಯಲ್ಲಿಟ್ಟರೆ ಇನ್ನೂ ಭದ್ರ.

ಲಾಟೀನನ್ನು (ಕೆಲವು ಊರುಗಳವರಿಗೆ ಇದು ಕಂದೀಲು, ಕೆಲವರಿಗೆ ಲಾಂದ್ರ) ಇಟ್ಟುಕೊಳ್ಳುವವರು ತೊಟ್ಟಿಯು ತುಕ್ಕುಹಿಡಿದು ಜಿನುಗುತ್ತದೆಯೇ ಎಂದು ಮೊದಲು ನೋಡಬೇಕು. ಅಟ್ಟದಲ್ಲಿ ವರ್ಷಗಟ್ಟಲೆ ಉಳಿದ ಎಣ್ಣೆಯನ್ನೇ ಸುರಿಯುವವರುಂಟು; ಅದು ಯಾವ ಎಣ್ಣೆಯೆಂಬ ಖಾತ್ರಿಯಿಲ್ಲದಿದ್ದರೆ ಉರಿಸದಿರುವುದೇ ಲೇಸು. ತೊಟ್ಟಿಯ ಮುಕ್ಕಾಲು ಪಾಲು ಮಾತ್ರ, ಅದೂ ಹಗಲಿನಲ್ಲಿ, ದೀಪವು ಆರಿ ತಣ್ಣಗಾದ ಮೇಲೆ ತುಂಬತಕ್ಕದ್ದು. ಬತ್ತಿಯನ್ನು ನೇರವಾಗಿ ಕತ್ತರಿಸಿ ಎರಡು ಮೂಲೆಗಳನ್ನು ತುಸು ಸವರಿದರೆ ಉರಿಯು ಕೊಂಬೇಳುವುದಿಲ್ಲ. ಗಾಜು ಇರುವುದು ಗಾಳಿಯನ್ನು ತಡೆಯುವುದಕ್ಕೆ ಮಾತ್ರವಲ್ಲ. ಉರಿಗೆ ಕೆಳಗಿನಿಂದ ಗಾಳಿಯನ್ನು ಎಳೆದುಕೊಡುವ ಚಿಮಣಿ ಅದು. ಸೀಳಿದ ಗಾಜಿಗೆ ಕಾಗದ ಅಂಟಿಸಿ ಬಳಸುವ ಮಿತವ್ಯಯವು ಮಿತವ್ಯಯವಲ್ಲ. ಗಾಜು ಕಪ್ಪಾಗುತ್ತಿದ್ದರೆ ಬತ್ತಿಯನ್ನು ಇಳಿಸಬೇಕು; ಕಪ್ಪಾದ ಗಾಜಿನ ಹಿಂದೆ ಬತ್ತಿಯನ್ನು ಏರಿಸುವುದು ಎಲ್ಲರೂ ಮಾಡುವ ತಪ್ಪು.

ದೀಪವನ್ನು ಎಲ್ಲಿಡಬೇಕೆಂಬುದು ಫ್ಲಾಟುಗಳಲ್ಲಿ ನಿಜವಾಗಿಯೂ ಕಠಿಣವಾದ ಪ್ರಶ್ನೆ. ದೇವರ ಮನೆಗೆ ಪ್ರತ್ಯೇಕ ಸ್ಥಳವಿಲ್ಲದೆ ಅಡುಗೆಮನೆಯ ಕೆಳಗಿನ ಗೂಡಿನಲ್ಲಿ ದೀಪವಿಡುವ ಕುಟುಂಬಗಳು ಅನೇಕ. ಅಡುಗೆಯ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಸಿಲಿಂಡರಿರುವ ಕೋಣೆಯಲ್ಲಿ ನೆಲಮಟ್ಟದ ದೀಪವು ಎಂದಿಗೂ ಬೇಡ. ನಸುಕಿನಲ್ಲಿ ಅಡುಗೆಮನೆಗೆ ಹೋದ ಗೃಹಿಣಿಯು ದೀಪ ಹಚ್ಚುವ ಮುನ್ನ ಒಮ್ಮೆ ಗಾಳಿಯನ್ನು ಮೂಸಿ ನೋಡುವುದು ಒಳ್ಳೆಯ ಅಭ್ಯಾಸ. ಅನಿಲದ ವಾಸನೆಯಿದ್ದರೆ ಕಡ್ಡಿ ಗೀರದೆ, ವಿದ್ಯುತ್ ಸ್ವಿಚ್ಚನ್ನೂ ಮುಟ್ಟದೆ, ಕಿಟಕಿ ಬಾಗಿಲುಗಳನ್ನು ತೆರೆದು ರೆಗ್ಯುಲೇಟರನ್ನು ಮುಚ್ಚಬೇಕು. ಕಾರ್ತಿಕದಲ್ಲಿ ಹೊಸ್ತಿಲಿಗೆ ಸಾಲು ದೀಪವಿಡುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು, ನೈಲಾನ್, ಪಾಲಿಯೆಸ್ಟರ್ ಉಡುಪುಗಳನ್ನು ಬಿಟ್ಟು ಹತ್ತಿಯದನ್ನು ಉಡುವುದು ಮೇಲು. ಕೃತಕ ನೂಲು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಇಷ್ಟಾದರೂ ಸುಟ್ಟಗಾಯವಾದರೆ ನಲ್ಲಿಯ ತಣ್ಣೀರನ್ನು 20 ನಿಮಿಷ ಹರಿಯಬಿಡಬೇಕು. ಮಂಜುಗಡ್ಡೆ, ಶಾಯಿ, ಟೂತ್‌ಪೇಸ್ಟು, ಬೆಣ್ಣೆ ಯಾವುದನ್ನೂ ಹಚ್ಚಬಾರದು. ಬಳೆ ಉಂಗುರಗಳನ್ನು ಊತ ಬರುವ ಮುನ್ನವೇ ತೆಗೆಯಬೇಕು; ಅಂಟಿಕೊಂಡ ಬಟ್ಟೆಯನ್ನು ಕೀಳಬಾರದು. ಮುಖ, ಕೈ, ಕೀಲುಗಳ ಗಾಯವೂ, ಅಂಗೈಗಿಂತ ದೊಡ್ಡ ಗಾಯವೂ ಆಸ್ಪತ್ರೆಯ ವಿಷಯ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಕೀಲ್ಪಾಕಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆಂದೇ ವಿಭಾಗವಿದೆ.

ಬೆಂಕಿಯಿಲ್ಲದೆಯೂ ಸೀಮೆಎಣ್ಣೆಯು ಅಪಾಯಕಾರಿ. ತಂಪು ಪಾನೀಯದ ಸೀಸೆಯಲ್ಲಿ ತುಂಬಿಟ್ಟುದನ್ನು ನೀರೆಂದು ಭಾವಿಸಿ ಕುಡಿಯುವವರು ಒಂದರಿಂದ ಮೂರು ವರ್ಷದ ಮಕ್ಕಳು. ಆಗ ವಾಂತಿ ಮಾಡಿಸುವುದು ಅತ್ಯಂತ ತಪ್ಪು. ಹೊಟ್ಟೆಯಲ್ಲಿರುವಷ್ಟು ಕಾಲ ಅದರ ಹಾನಿ ಕಡಿಮೆ. ವಾಂತಿಯೊಡನೆ ಶ್ವಾಸನಾಳಕ್ಕೆ ಇಳಿದರೆ ಪುಪ್ಪುಸದ ಉರಿಯೂತವಾಗುತ್ತದೆ. ಉಪ್ಪುನೀರು, ಹಾಲು ಯಾವುದನ್ನೂ ಕುಡಿಸದೆ, ಎಣ್ಣೆ ತಾಗಿದ ಬಟ್ಟೆಯನ್ನು ಬದಲಿಸಿ, ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಕೆಮ್ಮು, ಏದುಸಿರು ಕೆಲವು ಗಂಟೆಗಳ ತರುವಾಯ ಕಾಣಿಸಿಕೊಳ್ಳುವುದುಂಟಾದುದರಿಂದ, ಮಗುವು ಆಟವಾಡುತ್ತಿದೆಯೆಂದು ಮನೆಯಲ್ಲಿಯೇ ಇರಿಸಿಕೊಳ್ಳಬಾರದು.